ಬೋಟು ಬಂದ್ ಆಗುವ ಮೊದಲು

ತೆಂಗಿನಗುಂಡಿಯ ನಮ್ಮ ಕೇರಿಯಲ್ಲಿ ಹೆಂಗಸರ ಆಪರೇಷನ್‌ಗಳೆಲ್ಲ ಮಳೆಗಾಲದಲ್ಲೇ ಆಗುತ್ತವೆ. ಆಗ ಮೀನುಗಾರಿಕೆ ಬಂದ್, ಬೋಟುಗಳು ದಡದಲ್ಲಿ, ಗಂಡಸರು ಮನೆಯಲ್ಲಿ. ಬೋಟು, ಬಲೆಗಳ ರಿಪೇರಿಯ ಜೊತೆ ಹೆಂಡತಿಯರ ರಿಪೇರಿಯೂ ಮುಗಿಯಬೇಕು. ಹೆಂಡತಿಯರ ರಿಪೇರಿ ಎಂದರೆ ಬಹುಮಟ್ಟಿಗೆ ಗರ್ಭಕೋಶ ತೆಗೆಸುವುದೇ.

ನನ್ನ ರಿಪೋರ್ಟು ಬಂದದ್ದು ಬೋಟುಗಳು ಇನ್ನೂ ಕಡಲಿನಲ್ಲಿದ್ದಾಗ. ಹೊನ್ನಾವರದ ಆಸ್ಪತ್ರೆಯಲ್ಲಿ ಗರ್ಭಕೋಶದ ಬಾಯಿಯ ತಪಾಸಣೆ ಮಾಡಿಸಿಕೊಂಡಿದ್ದೆ. ನೋವುಗೀವು ಏನೂ ಇರಲಿಲ್ಲ, ಕೇರಿಯ ಹೆಂಗಸರು ಹೊರಟರೆಂದು ಹೋದವಳು. ಅದರ ಫಲಿತಾಂಶ ಸರಿಯಿಲ್ಲವೆಂದು ಚೂರು ಮಾಂಸ ತೆಗೆದೂ ನೋಡಿದರು. ಡಾಕ್ಟರಮ್ಮ ಹೇಳಿದ್ದಿಷ್ಟು: ಇದು ಕ್ಯಾನ್ಸರ್ ಅಲ್ಲ, ಹಾಗೇ ಬಿಟ್ಟರೆ ಮುಂದೆ ಆಗಬಹುದು. ಕೆಟ್ಟ ಭಾಗವನ್ನಷ್ಟೇ ತೆಗೆದರೆ ಸಾಕು, ಅದೇ ದಿನ ಮನೆಗೆ ಹೋಗಬಹುದು. ಆಮೇಲೆ ತಪ್ಪದೆ ತಪಾಸಣೆಗೆ ಬರುತ್ತಿರಬೇಕು. ಮನೆಯಲ್ಲಿ ಮಾತಾಡಿ ಬನ್ನಿ.

ಮಾತಾಡಿದೆ. ಗಂಡ ಫೋನಿನಲ್ಲಿ, "ಬೋಟ್ ಬಂದ್ ಆಗ್ಲಿ, ಆಮೇಲೆ ನೋಡ್ವ" ಎಂದರು. ಅತ್ತೆಗೆ ಈ ಮತ್ತೆ ಮತ್ತೆ ತಪಾಸಣೆಯೇ ಹಿಡಿಸಲಿಲ್ಲ. "ಮಕ್ಕಳು ದೊಡ್ಡಾದ್ವಲ್ಲ, ಇನ್ನೆಂತಕ್ಕೆ ಅದು? ಪೂರಾ ತೆಗೆಸಿಬಿಡು. ನಂದು ತೆಗ್ದು ಎಷ್ಟ್ ವರ್ಷ ಆತು, ನಾ ಸತ್ತೋದ್ನಾ?"

ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ, ಎಂದು ಸಿಟ್ಟು ಬಂತು. ಆದರೆ ಹೆದರಿಕೆ ಸಿಟ್ಟಿಗಿಂತ ದೊಡ್ಡದಿತ್ತು. ಪೂರಾ ಹೋದರೆ ಚಿಂತೆಯೂ ಹೋದೀತೆಂದು ನನಗೂ ಅನಿಸತೊಡಗಿತ್ತು.

ಡಾಕ್ಟರಮ್ಮನ ಹತ್ತಿರ ವಾದ ಮಾಡಲಿಕ್ಕೆಂದೇ ಅತ್ತೆ ಜೊತೆಗೆ ಬಂದರು. ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಪೂರಾ ತೆಗೆದ್ರೂ ತಪಾಸಣೆ ತಪ್ಪೋದಿಲ್ಲಮ್ಮ. ಇವರಿಗೆ ಅಷ್ಟು ದೊಡ್ಡ ಆಪರೇಷನ್ ಬೇಕಾಗಿಲ್ಲ. ಆದ್ರೆ ಮಳೆಗಾಲದವರೆಗೆ ಕಾಯೋದೂ ಬೇಡ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಹೇಳಿ, ಏನು ಮಾಡೋಣ?" ಎಂದರು.

ಅಭ್ಯಾಸಬಲದಿಂದ ಅತ್ತೆಯ ಮುಖ ನೋಡಿದೆ. ಯಾವ ಬಣ್ಣದ ಸೀರೆ ಬೇಕೆಂದು ನನ್ನನ್ನು ಕೇಳಿದರೂ ಉತ್ತರ ಕೊಡುವವರು ಅವರು. ಅಂದು ಅವರು ಡಾಕ್ಟರಮ್ಮನನ್ನೇ ನೋಡುತ್ತ ಕೂತಿದ್ದರು. "ಕೆಟ್ಟದ್ದಷ್ಟೇ ತೆಗೀರಿ. ಬರೋ ವಾರವೇ ಆಗ್ಲಿ" ಎಂದೆ.

ಬಸ್ ಸ್ಟ್ಯಾಂಡಿನಲ್ಲಿ ಅತ್ತೆಯೇ ಮಗನಿಗೆ ಫೋನು ಮಾಡಿದರು. "ಮಳೆಗಾಲಕ್ಕಲ್ಲ, ಬರೋ ವಾರ. ನಿನ್ ಹೆಂಡ್ತಿ ತನ್ನದ್ದು ತಾನೇ ಹೇಳ್ತು, ಆತು" ಎಂದು ಇಟ್ಟುಬಿಟ್ಟರು. ನಾವು ಹತ್ತಬೇಕಿದ್ದ ಭಟ್ಕಳದ ಬಸ್ಸು ಬರುವುದು ತಡವಾಯಿತು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ರಸ್ತೆಯ ಕಡೆಗೇ ನೋಡುತ್ತಿದ್ದರು.

"ನಂದು ತೆಗ್ಯುವಾಗ ನನ್ನ ಹತ್ರ ಯಾರೂ ಹಾಂಗೆ ಕೇಳ್ಲೇ ಇಲ್ಲ" ಎಂದರು.