ಹೊಸ್ತಿಲಿಗಿಂತ ಎತ್ತರದ ರಸ್ತೆ

ಭಾಲ್ಕಿಯ ಬಜಾರಿನ ಹಿಂದಿನ ಒಂದು ಓಣಿಯಲ್ಲಿ ಸಿಮೆಂಟ್ ರಸ್ತೆ ಒಂದು ಮನೆಯ ಹೊಸ್ತಿಲಿಗಿಂತ ನಾಲ್ಕು ಇಂಚು ಎತ್ತರ ಇದೆ. ಆ ರಸ್ತೆಯ ನಕ್ಷೆ ಬರೆದವನು ನಾನು. ನಕ್ಷೆಯಲ್ಲಿ ಅದು ಹೊಸ್ತಿಲಿಗಿಂತ ಆರು ಇಂಚು ಕೆಳಗಿದೆ.

ಆ ಮನೆ ಒಬ್ಬ ಮುದುಕಿಯದು. ಓಣಿಯವರೆಲ್ಲ ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಾರೆ. ಗಾದಿ ಹೊಲಿಯುವುದು ಅವಳ ಕೆಲಸ. ಮುಂದಿನ ಖೋಲಿಯ ನೆಲದ ಮೇಲೆ ಹತ್ತಿ ಹರಡಿ, ಅವಳು ಒಂದು ಕಡೆ, ಸೊಸೆ ಇನ್ನೊಂದು ಕಡೆ ಕುಳಿತು ಹೊಲಿಯುತ್ತಾರೆ. ನೆಲ ಒಣಗಿದ್ದರೆ ಕೆಲಸ ಉಂಟು. ಹಸಿಯಾದರೆ ಇಲ್ಲ.

ನನಗೆ ಆ ಓಣಿ ಹೊಸದಾಗಿರಲಿಲ್ಲ. ನಾನು ಚಿಂತಾಕಿಯವನು. ಏಳನೇ ತರಗತಿಗೇ ಶಾಲೆ ಬಿಟ್ಟು, ನೀರಿನ ಪೈಪು ಹೂಳುವ ಕೂಲಿಗೆ ಊರೂರು ಅಲೆದೆ. ಈ ಓಣಿಯನ್ನೂ ನಮ್ಮ ಗುಂಪೇ ಅಗೆದಿತ್ತು. ಮೇಲೆ ಒಂದು ಫೂಟು ಮಣ್ಣು, ಕೆಳಗೆ ಕರಿಕಲ್ಲು. ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ಕೈಯಲ್ಲಿ ಬೊಬ್ಬೆ ಎದ್ದವು. ಮೇಸ್ತ್ರಿ ಬಂದು ನೋಡಿ, "ಸಾಕ್ರೋ, ಪೈಪ ಇಟ್ಟು ಮುಚ್ರಿ" ಅಂದ. ಮುಚ್ಚಿದೆವು. ಆ ಮಧ್ಯಾಹ್ನ ನಮ್ಮನ್ನು ಕಟ್ಟೆಯ ಮೇಲೆ ಕೂಡ್ರಿಸಿ ನೀರು ಕೊಟ್ಟವಳು ಇದೇ ಖಾಲಾ.

ಓದಿದ್ದು ಆಮೇಲೆ. ಔರಾದದಲ್ಲಿ ಹತ್ತನೇ ಪರೀಕ್ಷೆಗೆ ಕುಳಿತಾಗ ನನಗೆ ಇಪ್ಪತ್ತಾರು. ಖೋಲಿಗೆ ಬಂದ ಮಾಸ್ತರು ನಾನು ಯಾರದೋ ಅಪ್ಪ ಎಂದುಕೊಂಡು, "ಪಾಲಕರು ಹೊರಗ ನಿಂದರ್ರಿ" ಅಂದರು. ಬೀದರಿನಲ್ಲಿ ಡಿಪ್ಲೊಮಾ ಮುಗಿಯುವಾಗ ಮೂವತ್ತೆರಡು ದಾಟಿತ್ತು. ಒಬ್ಬ ಖಾಸಗಿ ಎಂಜಿನಿಯರ್ ಸಾಹೇಬರ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಊರೊಳಗಿನ ರಸ್ತೆ, ಗಟಾರುಗಳ ನಕ್ಷೆ ಮಾಡುವುದು, ಕೆಲಸ ನಡೆಯುವಾಗ ನಿಂತು ನೋಡುವುದು. ನೌಬಾದದಲ್ಲಿ ಮನೆ ಹಿಡಿದೆ. ತಡವಾಗಿ ಓದಿದವನಿಗೆ ಕಾಗದದ ಮೇಲೆ ಬಹಳ ನಂಬಿಕೆ ಇರುತ್ತದೆ. ನನಗೂ ಇತ್ತು.

ಓಣಿಯ ಏರು ತಗ್ಗು ಅಳೆಯಲು ಅಲುಗಾಡದ ಒಂದು ಕಲ್ಲು ಬೇಕು. ಅದರ ಎತ್ತರ ನೂರು ಎಂದು ಹಿಡಿದು ಉಳಿದದ್ದನ್ನೆಲ್ಲ ಅದರಿಂದ ಅಳೆಯುತ್ತೇವೆ. ಓಣಿಯಲ್ಲಿ ಎಲ್ಲಕ್ಕಿಂತ ಹಳೆಯದು ಖಾಲಾನ ಹೊಸ್ತಿಲ ಕಲ್ಲು. ಅದರ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿದೆ. ಅವಳು ಸೂಜಿ ಹಿಡಿದುಕೊಂಡೇ ಓಡಿ ಬಂದಳು.

"ಇದೇನೋ ಬೇಟಾ, ಕೆಂಪ ಹಚ್ಚಲತ್ತಿ? ಮನಿ ಕೆಡವತೀರೇನು?"

"ಇಲ್ರಿ ಖಾಲಾ. ಇದು ಲೆವೆಲ್ಲಿಗೆ. ರೋಡ ಇದಕ್ಕಿಂತ ಆರ ಇಂಚ ಕೆಳಗ ಬರ್ತದ. ನಿಮ್ಮ ಮನ್ಯಾಗ ಒಂದ ಹನಿ ನೀರ ಬರಂಗಿಲ್ಲ."

"ಖರೆ?"

"ಖರೇನ್ರಿ."

ಅವಳು ಹಳೆಯ ರಸ್ತೆಯನ್ನು ನೋಡಿದಳು. ಅದು ಆಗಲೇ ಹೊಸ್ತಿಲಿಗೆ ಎರಡೇ ಇಂಚು ಕಡಿಮೆ ಇತ್ತು.

"ಹಂಗಾದ್ರ ಇದನ್ನ ಅಗೀತೀರಿ. ಪೈಪ ಮ್ಯಾಲೇ ಅದ ನೋಡು."

"ಮೂರು ಫೂಟ ಕೆಳಗ ಅದರಿ. ರಿಕಾರ್ಡನ್ಯಾಗ ಬರ್ದಾರ."

ಅವಳು ನಕ್ಕುಬಿಟ್ಟಳು. "ಅಗ್ದಾಂವ ನೀನೇ ಅಲ್ಲೇನೋ? ತಗ್ಗನ್ಯಾಗ ನಿಂತ್ರ ನಿನ್ನ ಮೊಣಕಾಲ ಮ್ಯಾಲೇ ಕಾಣ್ತಿದ್ದವು. ರಿಕಾರ್ಡ ಬಂದು ಅಗದಿತ್ತೇನು?"

ನಾನೂ ನಕ್ಕೆ. ಆಮೇಲೆ ಯಾರೋ ಪೈಪನ್ನು ಕೆಳಗೆ ಇಳಿಸಿರಬಹುದು ಎಂದೆ. ಪೈಪಿನ ಆಳ ನೋಡಲು ಎರಡು ಕಡೆ ತಗ್ಗು ತೋಡಿಸಬೇಕು. ಅರ್ಧ ದಿನದ ಕೆಲಸ. ತೋಡಿಸಲಿಲ್ಲ. ನನ್ನ ಕೈಗೆ ಗೊತ್ತಿದ್ದದ್ದನ್ನು ಬಿಟ್ಟು, ಯಾರೋ ಕುರ್ಚಿಯ ಮೇಲೆ ಕುಳಿತು ಬರೆದದ್ದನ್ನು ನಂಬಿದೆ.

ಮಳೆಗಾಲಕ್ಕೆ ಸ್ವಲ್ಪ ಮೊದಲು ಜೆಸಿಬಿ ಬಂತು. ಎರಡನೇ ಬಕೆಟ್ಟಿಗೇ ಪೈಪು ಒಡೆದು, ಖಾಲಾನ ಮನೆಯ ಗೋಡೆಯ ತನಕ ನೀರು ಚಿಮ್ಮಿತು.

"ಏನ್ ಸರ್ರಿ, ಮೂರು ಫೂಟ ಅಂದಿದ್ರಿ" ಎಂದು ಡ್ರೈವರ್ ಮೇಲಿನಿಂದ ಕೂಗಿದ. "ಇದು ಎರಡು ಗೇಣ ಸುದ್ದಾ ಇಲ್ಲ!"

ಮೂರು ದಿನ ಓಣಿಗೆ ನೀರಿಲ್ಲ. ಹೆಂಗಸರು ಖಾಲಿ ಕೊಡ ತಂದು ನನ್ನ ಮುಂದೆ ಇಟ್ಟರು. ನಾಲ್ಕನೇ ದಿನ ಬೀದರಿನಿಂದ ಸಾಹೇಬರು ಬಂದರು. ಪೈಪು ಜೋಡಿಸಿದ್ದನ್ನು ನೋಡಿ ಅಂದರು:

"ಪೈಪ ಕೆಳಗ ಇಳಸ್ಬೇಕಂದ್ರ ಹೊಸ ಎಸ್ಟಿಮೇಟ, ಹೊಸ ಮಂಜೂರಿ. ಅಷ್ಟರಾಗ ಮಳಿ ಬರ್ತದ. ಅಗ್ಯಾದ ಬಿಡು. ಹಳೇ ರೋಡ ಮ್ಯಾಲೇ ಆರ ಇಂಚ ಕಾಂಕ್ರೀಟ್ ಹಾಕ್ಸು."

"ಸಾಹೇಬ್ರ, ಆ ಗಾದಿ ಹೊಲಿಯಾಕಿ ಮನಿ ಕೆಳಗ ಹೋಗ್ತದರಿ."

"ಓಣಿ ಮಂದಿಗೆಲ್ಲಾ ರೋಡ ಬೇಕೋ, ಒಬ್ಬಾಕಿ ಹೊಸ್ತಿಲ ಬೇಕೋ? ಎತ್ತರ ಮಾಡ್ಕೋ ಅನ್ನು." ಆಮೇಲೆ ಕೇಳಿದರು, "ಪೈಪ ಎಷ್ಟ ಕೆಳಗದ ಅಂತ ನೀ ನೋಡಿದ್ದಿಲ್ಲೇನು?"

"ರಿಕಾರ್ಡನ್ಯಾಗ ಮೂರು ಫೂಟ ಇತ್ರಿ."

ಅಷ್ಟೇ ಹೇಳಿದೆ. ಆ ತಗ್ಗು ನಾನೇ ಅಗೆದದ್ದು, ಆ ಮುದುಕಿ ಮೊದಲೇ ಹೇಳಿದ್ದಳು, ತಪ್ಪು ನನ್ನದು, ಪೈಪು ಇಳಿಸುವ ತನಕ ಕೆಲಸ ನಿಲ್ಲಿಸೋಣ ಎನ್ನಲಿಲ್ಲ. ಅಂದಿದ್ದರೆ ಅವರು ನಿಲ್ಲಿಸುತ್ತಿದ್ದರೋ ಇಲ್ಲವೋ. ನಾನು ಅನ್ನಲೇ ಇಲ್ಲ. ಎಂಜಿನಿಯರ್ ಎಂದು ಕರೆಸಿಕೊಳ್ಳುವುದು ಆಗಷ್ಟೇ ರೂಢಿಯಾಗುತ್ತಿತ್ತು.

ಕಾಂಕ್ರೀಟು ಸುರಿಯುವ ಮುನ್ನ ಎರಡೂ ಬದಿಗೆ ಹಲಗೆ ನಿಲ್ಲಿಸುತ್ತಾರೆ. ಹಲಗೆಯ ಮೇಲಿನ ಅಂಚೇ ರಸ್ತೆಯ ಎತ್ತರ. ಖಾಲಾ ಹೊಸ್ತಿಲ ಮೇಲೆ ಕುಳಿತು ಹಲಗೆಯ ಅಂಚಿನ ಮೇಲೆ ಕೈಯಿಟ್ಟಳು. ಅಂಗೈ ಕಲ್ಲಿಗಿಂತ ಮೇಲಿತ್ತು. ಆಗ ನನ್ನನ್ನು ಬೇಟಾ ಎನ್ನಲಿಲ್ಲ.

"ಇಂಜಿನಿಯರ್ ಸಾಬ, ಆರ ಇಂಚ ಕೆಳಗ ಅಂದಿದ್ರಿ. ಅದಕ್ಕ ಮ್ಯಾಲ ಅಂತ ತಿಳ್ಕೋಬೇಕಿತ್ತೇನ್ರಿ ನಾ?"

ಸೊಸೆ ಒಳಗಿನಿಂದ, "ಅವರ ಜೊತಿ ಏನ್ ಮಾತು, ಬರ್ರಿ ಒಳಗ" ಅಂದಳು. ನಾನು ಮಿಕ್ಸರ್ ಕಡೆಗೆ ನಡೆದೆ.

ಮೊದಲ ದೊಡ್ಡ ಮಳೆಯ ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಭಾಲ್ಕಿಗೆ ಹೋದೆ. ಯಾರೂ ಕರೆದಿರಲಿಲ್ಲ. ಖಾಲಾನ ಮುಂದಿನ ಖೋಲಿಯಲ್ಲಿ ಹಿಮ್ಮಡಿ ಮುಳುಗುವಷ್ಟು ನೀರು. ಒಂದು ಮದುವೆ ಮನೆಗೆಂದು ಹೊಲಿಯುತ್ತಿದ್ದ ಗಾದಿ ನೀರು ಕುಡಿದು ಎತ್ತಲಾಗದಷ್ಟು ಭಾರವಾಗಿತ್ತು. ಅತ್ತೆ ಸೊಸೆ ಎರಡು ತುದಿ ಹಿಡಿದು ಹಿಂಡುತ್ತಿದ್ದರು. ನಾನೂ ಒಂದು ಮೂಲೆ ಹಿಡಿಯಹೋದೆ. "ಬ್ಯಾಡ್ರಿ. ಅಂಗಿ ಹೊಲಸಾಗ್ತದ" ಅಂದಳು ಖಾಲಾ. ಸಿಟ್ಟಿನಿಂದ ಅಂದಿದ್ದರೆ ಚೆನ್ನಾಗಿತ್ತು.

ಮಳೆಗಾಲ ಕಳೆದ ಮೇಲೆ ಅದರ ಪಕ್ಕದ ಓಣಿಯ ನಕ್ಷೆಯೂ ನನಗೇ ಬಂತು. ಹಳೆಯ ಗುರುತಿನಿಂದಲೇ ಲೆವೆಲ್ ತೆಗೆಯಬೇಕು. ಹೋದರೆ, ಖಾಲಾನ ಬಾಗಿಲಿಗೆ ಅಡ್ಡಲಾಗಿ ಒಂದು ಗೇಣು ಎತ್ತರದ ಸಿಮೆಂಟ್ ಕಟ್ಟೆ. ಹೊಸ್ತಿಲೂ ನನ್ನ ಕೆಂಪು ಗುರುತೂ ಅದರ ಅಡಿಯಲ್ಲಿ. ಅವಳು ಹತ್ತಿಯ ಗಂಟನ್ನು ಹೊರಗಿಟ್ಟು, ಚೌಕಟ್ಟು ಹಿಡಿದು, ಒಂದು ಕಾಲು ಎತ್ತಿ ದಾಟಿ, ಉಸಿರು ತೆಗೆದುಕೊಂಡು, ಇನ್ನೊಂದು ಕಾಲು ಎತ್ತಿದಳು.

"ಖಾಲಾ, ಆ ಗುರುತು..."

"ಕೆಳಗದ. ಅಗೀರಿ. ಅಗ್ಯಾದು ನಿಮಗ ಗೊತ್ತದ ಅಲ್ರಿ."

ಆ ಓಣಿಯ ಪೈಪಿಗೆ ನಾಲ್ಕು ಕಡೆ ತಗ್ಗು ತೋಡಿಸಿದೆ. ಮೊದಲನೆಯದನ್ನು ನಾನೇ ಹಾರೆ ಹಿಡಿದು ಅಗೆದೆ. ಗುರುತಿಗೆ ಬೇರೊಂದು ಮನೆಯ ಮೆಟ್ಟಿಲು ಆರಿಸಿಕೊಂಡೆ. ಬಣ್ಣ ಹಚ್ಚುವಾಗ ಆ ಮನೆಯವನು ಬಂದು, "ಇದೇನ್ರಿ ಸಾಹೇಬ್ರ?" ಅಂದ.

"ಲೆವೆಲ್ಲಿಗೆ" ಅಂದೆ.

"ಮನ್ಯಾಗ ನೀರ ಬರಂಗಿಲ್ಲ ಅಲ್ರಿ?"

ಬಣ್ಣದ ಡಬ್ಬಿಯ ಮುಚ್ಚಳ ಹುಡುಕುತ್ತ ಬಾಗಿದೆ. ಅವನು ಇನ್ನೂ ನಿಂತೇ ಇದ್ದ.