ಜಿಪುಣರ ಅರವತ್ತಾರು

ಕಣ್ಣಿನ ಪೊರೆ ತೆಗೆಸಿಕೊಂಡು, ಪಟ್ಟಿ ಬಿಚ್ಚಿದ ದಿನ ಅವರು ಮಾಡಿದ ಮೊದಲ ಕೆಲಸ ಅಂದರೆ ಹೆಂಡತಿಯ ಜೊತೆ ಜಗಳ.

"ಇದೇನೇ ಇದು, ಕಪಾಟಿನ ಮೇಲೆ ಇಷ್ಟು ಧೂಳು?"

"ಎರಡು ವರ್ಷದಿಂದ ಅಲ್ಲೇ ಇದೆ. ಈಗ ಬಿತ್ತಾ ಕಣ್ಣಿಗೆ?"

"ಗೋಡೆಗೆ ಯಾವಾಗ ಬಿಳಿ ಬಣ್ಣ ಹೊಡೆಸಿದೆ? ನನ್ನನ್ನ ಒಂದು ಮಾತೂ ಕೇಳಲಿಲ್ಲ."

"ಅಯ್ಯೋ, ಅದು ಮೊದಲಿಂದಲೂ ಬಿಳೀನೇ ಕಣ್ರೀ!"

ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ ಅಂತಾರಲ್ಲ, ಅದಕ್ಕೆ ಕಾಮಾಲೆಯೇ ಆಗಬೇಕೆಂದಿಲ್ಲ, ಪೊರೆ ಬಂದರೂ ಸಾಕು. ಅವರು ನಕ್ಕರು. ಆ ಎರಡು ವರ್ಷ ಅದೇ ಕಣ್ಣು ಇಟ್ಟುಕೊಂಡು ತಾವು ಏನು ಕೆಲಸ ಮಾಡಿದ್ದೆವು ಅನ್ನುವುದು ಆಗಿನ್ನೂ ತಲೆಗೆ ಹೋಗಿರಲಿಲ್ಲ.

ಅವರ ಕೆಲಸ ಹಳೇ ನಾಣ್ಯಗಳಿಗೆ ಅಂಕ ಹಾಕುವುದು. ನಾಣ್ಯ ಕೂಡಿಡುವ ಹುಚ್ಚು ಇರುವವರು ತಮ್ಮ ನಾಣ್ಯ ಕಳಿಸುತ್ತಾರೆ. ಕಂಪನಿಯವರು ಅದು ಅಸಲಿಯೋ ನಕಲಿಯೋ, ಎಷ್ಟು ಸವೆದಿದೆ, ಎಷ್ಟು ಗೀರು ಬಿದ್ದಿದೆ ಅಂತ ನೋಡಿ, ಎಪ್ಪತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ, ನಂಬರ್ ಅಂಟಿಸಿ ವಾಪಸ್ ಕೊಡುತ್ತಾರೆ. ಒಂದಂಕ ಹೆಚ್ಚಾದರೆ ಕೆಲವು ಸಲ ಬೆಲೆ ದುಪ್ಪಟ್ಟು. ನಗಬೇಡಿ. ಅರವತ್ತೈದಕ್ಕೂ ಅರವತ್ತಾರಕ್ಕೂ ಇರುವ ವ್ಯತ್ಯಾಸ ಕೂದಲೆಳೆಯಷ್ಟು ಗೀರು. ಆ ಗೀರಿನ ಬೆಲೆಗೆ ಸ್ಕೂಟರ್ ತಗೊಂಡವರಿದ್ದಾರೆ, ಮಾರಿಕೊಂಡವರೂ ಇದ್ದಾರೆ.

ಇಂಥ ಕಂಪನಿಗಳು ಎರಡು. ದೊಡ್ಡದಕ್ಕೆ ಸ್ವಂತ ಕಟ್ಟಡ, ಲಿಫ್ಟು, ಇಪ್ಪತ್ತು ಜನ ನೋಡುವವರು. ಇವರದು ಟೈರ್ ಅಂಗಡಿಯ ಮೇಲಿನ ಎರಡು ಕೋಣೆ, ನೋಡುವವರು ಇಬ್ಬರೇ. ಆದರೂ ದೊಡ್ಡ ಕಂಪನಿಯ ಅರವತ್ತೈದು ಬಜಾರಿನಲ್ಲಿ ಹತ್ತು ಸಾವಿರಕ್ಕೆ ಹೋದರೆ ಇವರ ಅರವತ್ತೈದು ಹನ್ನೆರಡಕ್ಕೆ ಹೋಗುತ್ತಿತ್ತು. ಕಾರಣ ಒಂದೇ, ಇವರ ಕೈಬಿಗಿ. ಅರ್ಧ ಅಂಕ ಬಿಡಬೇಕಾದರೂ ಸ್ವಂತ ಜೇಬಿನಿಂದ ಕೊಡುವವರ ಹಾಗೆ ಮುಖ ಮಾಡುತ್ತಿದ್ದರು. ಬಜಾರಿನವರು ಎದುರಿಗೆ 'ಸರ್' ಅನ್ನುತ್ತಿದ್ದರು, ಬೆನ್ನ ಹಿಂದೆ 'ಜಿಪುಣ' ಅನ್ನುತ್ತಿದ್ದರು. ನಾವು ಎರಡನ್ನೂ ಸೇರಿಸಿ ಜಿಪುಣರು ಅನ್ನೋಣ. ಆ ಹೆಸರು ಅವರಿಗೂ ಗೊತ್ತಿತ್ತು. ಒಳಗೊಳಗೇ ಖುಷಿಯೂ ಇತ್ತು. ಅವರ ಹತ್ತಿರ ಇದ್ದ ಆಸ್ತಿ ಅದೊಂದೇ.

ಕಣ್ಣು ಸರಿಹೋಗಿ ಆಫೀಸಿಗೆ ಬಂದ ಮೊದಲ ದಿನ ಜಿಪುಣರಿಗೆ ಯಾವ ನಾಣ್ಯವೂ ಹಿಡಿಸಲಿಲ್ಲ. "ಇದೇನು, ಜನ ಕಸ ಕಳಿಸೋಕೆ ಶುರು ಮಾಡಿದ್ದಾರಾ?" ಅಂದರು. "ಬಲ್ಬ್ ಬದಲಾಯಿಸಿದ್ರಾ?" ಅಂದರು. ಎದುರು ಮೇಜಿನಲ್ಲಿ ಅವರ ಕೈಕೆಳಗಿನ ಹುಡುಗಿ. ಹುಡುಗಿ ಅಂದರೆ ಮೂವತ್ನಾಲ್ಕು ವರ್ಷದ, ಎರಡು ಮಕ್ಕಳ ತಾಯಿ. ಜಿಪುಣರ ಲೆಕ್ಕದಲ್ಲಿ ಮಾತ್ರ ಹುಡುಗಿ. ಅವಳು ಇಲ್ಲ ಸರ್, ಅದೇ ಬಲ್ಬು ಅಂದಳು.

"ನೀನ್ಯಾವಾಗ ಕನ್ನಡಕ ಹಾಕಿಕೊಂಡೆ?"

"ಒಂದೂವರೆ ವರ್ಷ ಆಯ್ತು ಸರ್."

ಇಷ್ಟು ದಿನ ಎದುರಿಗೇ ಕೂತವಳ ಮುಖ ನೋಡಿರಲಿಲ್ಲವಲ್ಲ ಅಂತ ಅವರಿಗೆ ಸಂಕೋಚವಾಯಿತು. ಅಷ್ಟರಲ್ಲಿ ಅಂಚೆಯಲ್ಲಿ ಅವರದೇ ಕಂಪನಿಯ ಡಬ್ಬಿಯೊಂದು ಬಂತು. ಮೂಲೆ ಒಡೆದಿದೆ, ಹೊಸ ಡಬ್ಬಿ ಹಾಕಿಕೊಡಿ ಅಂತ ಚೀಟಿ. ಒಳಗಿದ್ದ ಬೆಳ್ಳಿ ನಾಣ್ಯಕ್ಕೆ ಅರವತ್ತಾರು. ಜಿಪುಣರು ದೀಪದ ಕೆಳಗೆ ಓರೆ ಮಾಡಿ ಹಿಡಿದರು. ರಾಜನ ಕೆನ್ನೆಯ ತುಂಬ ಬಟ್ಟೆಯಲ್ಲಿ ತಿಕ್ಕಿದ ಸಣ್ಣ ಗೀರುಗಳು. ಅವರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು.

"ಇದಕ್ಕೆ ಅರವತ್ತಾರು ಕೊಟ್ಟ ಮುಠ್ಠಾಳ ಯಾರು?"

ಹುಡುಗಿ ಕಪಾಟಿನಿಂದ ಫೈಲ್ ತೆಗೆದು, ಆ ನಂಬರಿನ ಹಾಳೆಯನ್ನು ಅವರ ಮುಂದಿಟ್ಟಳು. ಕೆಳಗೆ ಜಿಪುಣರದೇ ಸಹಿ, ದುಂಡಗೆ.

ಮಧ್ಯಾಹ್ನ ಊಟ ಬಿಟ್ಟು ನೇರವಾಗಿ ಬಜಾರಿಗೆ ಹೋದರು. ಅಲ್ಲಿ ನಾಣ್ಯದ ವ್ಯಾಪಾರಿಯೊಬ್ಬ ಮೂವತ್ತು ವರ್ಷದಿಂದ ಸ್ನೇಹಿತ. "ನನ್ನ ಅರವತ್ತೈದು ಈಗ ಎಷ್ಟಕ್ಕೆ ಹೋಗ್ತಿದೆ?" ಅಂತ ಕೇಳಿದರು.

ವ್ಯಾಪಾರಿ ಟೀ ತರಿಸಿದ, ಫ್ಯಾನ್ ಜೋರು ಮಾಡಿದ, ಮಕ್ಕಳ ಸಮಾಚಾರ ಕೇಳಿದ. ಕೊನೆಗೆ ಬೇರೆ ದಾರಿ ಕಾಣದೆ ಡ್ರಾಯರಿನಿಂದ ಎರಡು ಟ್ರೇ ತೆಗೆದಿಟ್ಟ. "ಎಡಗಡೇದು ನಿಮ್ಮ ಹಳೇ ನಂಬರು. ಹನ್ನೆರಡು ಸಾವಿರ, ಕಣ್ಣು ಮುಚ್ಚಿಕೊಂಡು ಕೊಡ್ತೀನಿ. ಬಲಗಡೇದು ಈ ಎರಡು ವರ್ಷದ್ದು. ಅದಕ್ಕೆ ನಾನು ಆರು ಕೊಡ್ತೀನಿ."

"ಎರಡರ ಮೇಲೂ ಅರವತ್ತೈದು ಅಂತಲೇ ಇದೆಯಲ್ಲಯ್ಯಾ."

"ಇದೆ. ಬೇಜಾರು ಮಾಡ್ಕೋಬೇಡಿ. ಬಜಾರಲ್ಲಿ ಇದಕ್ಕೆ ಪೊರೆ ಡಬ್ಬಿ ಅಂತಾರೆ. ನೀವು ಮೆಟ್ಟಿಲು ತಡಕಾಡಿ ಹತ್ತೋದು ನೋಡಿ ನಾವೇ ಇಟ್ಟ ಹೆಸರು."

"ಎಲ್ಲರಿಗೂ ಗೊತ್ತಿತ್ತಾ?"

"ಟೈರ್ ಅಂಗಡಿಯವನಿಗೂ ಗೊತ್ತು."

"ನನಗೆ ಹೇಳಬಾರದಿತ್ತಾ?"

"ಬೆಕ್ಕಿಗೆ ಗಂಟೆ ಕಟ್ಟೋರು ಯಾರು, ಸರ್? ನಿಮ್ಮ ಅಂಕ ತಪ್ಪು ಅಂದವರಿಗೆ ನೀವು ಏನು ಮರ್ಯಾದೆ ಮಾಡ್ತಿದ್ರಿ ಅಂತ ನಮಗೆ ಗೊತ್ತಿಲ್ವಾ?" ಅಂದವನು ಲೋಟ ಪಕ್ಕಕ್ಕೆ ಸರಿಸಿದ. "ಸುಳ್ಳು ಯಾಕೆ ಹೇಳಲಿ. ದೊಡ್ಡ ಕಂಪನಿ ಅರವತ್ತಮೂರು ಕೊಟ್ಟದ್ದನ್ನ ಡಬ್ಬಿ ಒಡೆದು ನಿಮಗೆ ಕಳಿಸಿದ್ದೀನಿ. ಅರವತ್ತೈದು ಆಗಿ ಬಂತು. ಹೊಸಬರು ಡಬ್ಬಿ ಮೇಲಿನ ಅಂಕ ನೋಡ್ತಾರೆ, ನಿಮ್ಮ ಕಂಪನಿ ಹೆಸರು ನೋಡ್ತಾರೆ, ಪೂರ್ತಿ ಬೆಲೆ ಕೊಟ್ಟು ತಗೊಳ್ತಾರೆ."

ಜಿಪುಣರು ಟೀ ಮುಟ್ಟದೆ ಎದ್ದರು. ನಾಚಿಕೆ ಅಂದರೆ ನಾಚಿಕೆ. ತಿಳಿದವರೆಲ್ಲ ಅರ್ಧ ಬೆಲೆಗೆ ಇಳಿಸಿಕೊಂಡು ಬಚಾವಾಗಿದ್ದರು. ಅವರ ಅಂಕವನ್ನು ನಂಬಿದವರು ಮಾತ್ರ ಮೋಸ ಹೋಗಿದ್ದರು.

ಸಂಜೆ ಕಂಪನಿಯ ಯಜಮಾನರ ಮುಂದೆ ನಿಂತರು. "ಎಲ್ಲ ಡಬ್ಬಿ ವಾಪಸ್ ಕರೆಯೋಣ. ಹೊಸದಾಗಿ ನೋಡೋಣ, ದುಡ್ಡು ತಗೋಬಾರದು."

"ತಲೆ ಕೆಟ್ಟಿದೆಯಾ? ಒಂಬತ್ತು ಸಾವಿರ ಡಬ್ಬಿ! ಕರೆದರೆ ಅಂಗಡಿ ಮುಚ್ಚಬೇಕು."

"ಕರೆಯದೇ ಇದ್ದರೂ ಮುಚ್ಚಬೇಕು ಸ್ವಾಮಿ. ಏನು, ಸ್ವಲ್ಪ ನಿಧಾನವಾಗಿ."

ಯಜಮಾನರು ಬಹಳ ಹೊತ್ತು ತಲೆ ಕೆರೆದುಕೊಂಡರು. ಕೊನೆಗೆ, ಎಲ್ಲಿಂದ ಎಲ್ಲಿವರೆಗೆ ತಪ್ಪಾಗಿದೆ ಅಂತ ಕಾಗದದಲ್ಲಿ ತೋರಿಸಿ, ಆಮೇಲೆ ನೋಡೋಣ ಅಂದರು.

ಮರುದಿನ ಬೆಳಿಗ್ಗೆ ಜಿಪುಣರು ಆ ಎರಡು ವರ್ಷದ ಹಾಳೆಗಳನ್ನು ಹರಡಿಕೊಂಡು ಕೂತರು. ಪ್ರತಿ ಹಾಳೆಯಲ್ಲೂ ಎರಡು ಅಂಕಣ. ಮೊದಲನೆಯದರಲ್ಲಿ ಹುಡುಗಿ ಪೆನ್ಸಿಲಿನಲ್ಲಿ ಅಂಕ ಬರೆಯಬೇಕು. ಎರಡನೆಯದರಲ್ಲಿ ಜಿಪುಣರು ಕೆಂಪು ಪೆನ್ನಿನಲ್ಲಿ ಕೊನೇ ಅಂಕ ಬರೆಯಬೇಕು. ಮೊದಲ ಆರು ತಿಂಗಳು ಪೆನ್ಸಿಲಿನ ಅರವತ್ತಮೂರಕ್ಕೆ ಕೆಂಪು ಗೆರೆ, ಪಕ್ಕದಲ್ಲಿ ಅರವತ್ತೈದು. ಅರವತ್ನಾಲ್ಕಕ್ಕೆ ಗೆರೆ, ಪಕ್ಕದಲ್ಲಿ ಅರವತ್ತಾರು. ಪುಟ ಪುಟವೂ ಹೀಗೇ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು! ಆರು ತಿಂಗಳಾದ ಮೇಲೆ ಕೆಂಪು ಗೆರೆ ನಿಂತುಹೋಗಿತ್ತು. ಪೆನ್ಸಿಲೂ ಕೆಂಪೂ ಒಂದೇ ಅಂಕ.

"ಇಲ್ಲಿವರೆಗೆ ನೀನೇ ಸರಿ," ಅಂದರು. "ಇಲ್ಲಿಂದ ಮುಂದೆ ಏನಾಯ್ತು ನಿನಗೆ? ಯಾಕೆ ಹೇಳೋದು ಬಿಟ್ಟೆ?"

ಅವಳು ಕನ್ನಡಕವನ್ನು ಮೂಗಿನ ಮೇಲೆ ಸರಿ ಮಾಡಿಕೊಂಡಳು. "ನೀವೇ ಅಂದ್ರಲ್ಲ ಸರ್, ಇಲ್ಲದ ಗೀರು ಕಾಣುತ್ತೆ ಅಂದರೆ ಮೊದಲು ಹೋಗಿ ಕಣ್ಣು ತೋರಿಸ್ಕೋ ಅಂತ."

ಜಿಪುಣರಿಗೆ ನೆನಪೇ ಇರಲಿಲ್ಲ. ಅವರು ದಿನಕ್ಕೆ ಅಂಥ ಮಾತು ಹತ್ತು ಆಡುತ್ತಿದ್ದರು.

"ತೋರಿಸ್ಕೊಂಡೆ. ಡಾಕ್ಟರು ನಿನ್ನ ಕಣ್ಣಿಗೆ ಏನೂ ಆಗಿಲ್ಲಮ್ಮ ಅಂದರು. ಇನ್ನೊಬ್ಬರ ಹತ್ತಿರ ಹೋದೆ, ಅವರೂ ಅದೇ ಅಂದರು. ಮೂವತ್ತು ವರ್ಷ ನೋಡಿದವರಿಗೆ ಕಾಣದ್ದು ನನಗೆ ಕಾಣುತ್ತೆ ಅಂದರೆ ತಪ್ಪು ನನ್ನದೇ ಇರಬೇಕಲ್ಲ ಸರ್? ಕೊನೆಗೆ ಕನ್ನಡಕದ ಅಂಗಡಿಯವನಿಗೆ ಹಟ ಮಾಡಿ ಇದನ್ನ ಹಾಕಿಸಿಕೊಂಡೆ. ಹಾಕಿಕೊಂಡರೂ ಗೀರು ಕಾಣ್ತಾನೇ ಇತ್ತು. ಆಮೇಲಾಮೇಲೆ, ಕಂಡರೂ ಇಲ್ಲ ಅಂದುಕೊಳ್ಳೋದು ರೂಢಿ ಆಗಿಹೋಯ್ತು."

ಜಿಪುಣರು ಕೈ ಚಾಚಿ ಕನ್ನಡಕ ಇಸ್ಕೊಂಡರು. ಹಾಳೆಯ ಮೇಲೆ ಹಿಡಿದು ನೋಡಿದರು. ಅಕ್ಷರ ಎಳ್ಳಷ್ಟೂ ದೊಡ್ಡದಾಗಲಿಲ್ಲ, ಚಿಕ್ಕದೂ ಆಗಲಿಲ್ಲ. ಬರೀ ಗಾಜು. ಒಂಬತ್ತು ಸಾವಿರ ನಾಣ್ಯದ ಅಂಕ ಕೆಡಿಸಿದ್ದನ್ನು ಕಾಗದದಲ್ಲಿ ತೋರಿಸಬಹುದು, ಇದನ್ನು ಯಾವ ಅಂಕಣದಲ್ಲಿ ತೋರಿಸುವುದು?

"ತಪ್ಪಾಯ್ತಮ್ಮ," ಅಂದರು. ಆಫೀಸಿನಲ್ಲಿ ಯಾರೂ ಅವರ ಬಾಯಲ್ಲಿ ಆ ಮಾತು ಕೇಳಿರಲಿಲ್ಲ.

ಹಾಳೆಗಳನ್ನು ನೋಡಿದ ಯಜಮಾನರು ಒಪ್ಪಿದರು, ಬೈಯುತ್ತಲೇ ಒಪ್ಪಿದರು. ಎರಡು ವರ್ಷದ ನಂಬರುಗಳ ಪಟ್ಟಿ ಕಂಪನಿಯ ಬಾಗಿಲಿಗೆ ಬಿತ್ತು, ಬಜಾರಿಗೂ ಹೋಯಿತು. ಈ ಡಬ್ಬಿಗಳ ಅಂಕ ನಂಬಬೇಡಿ, ತಂದರೆ ಪುಕ್ಕಟೆ ನೋಡಿಕೊಡುತ್ತೇವೆ, ನಷ್ಟ ಕಂತಿನಲ್ಲಿ ತುಂಬಿಕೊಡುತ್ತೇವೆ ಅಂತ. ಕೆಳಗೆ ಸಹಿ ಹಾಕುವಾಗ ಜಿಪುಣರು ಕಣ್ಣು ಮಿಟುಕಿಸಲಿಲ್ಲ. ಬಲಗಡೆ ಟ್ರೇ ತುಂಬಿಸಿಕೊಂಡಿದ್ದ ವ್ಯಾಪಾರಿ ಸ್ನೇಹಿತ ಮಾತು ಬಿಟ್ಟ.

ಮೊದಲು ನೋಡಬೇಕಾಗಿದ್ದು ಮೇಜಿನ ಮೇಲೇ ಇತ್ತು, ಮೂಲೆ ಒಡೆದ ಡಬ್ಬಿಯ ಅರವತ್ತಾರು. ಜಿಪುಣರು ಹೊಸ ಹಾಳೆ ತೆಗೆದರು. ಪೆನ್ಸಿಲನ್ನು ತಾವು ಹಿಡಿದು ಮೊದಲ ಅಂಕಣದಲ್ಲಿ ಅರವತ್ನಾಲ್ಕು ಅಂತ ಬರೆದರು. ಹಾಳೆ, ನಾಣ್ಯ, ಕೆಂಪು ಪೆನ್ನು ಮೂರನ್ನೂ ಹುಡುಗಿಯ ಕಡೆ ತಳ್ಳಿದರು.

ಅವಳು ಬರಿಗಣ್ಣಿನಲ್ಲಿ ನಾಣ್ಯ ನೋಡಿದಳು. ಆಮೇಲೆ ಅಭ್ಯಾಸಬಲದಿಂದ ಅವರ ಮುಖ ನೋಡಿದಳು.

"ನನ್ನ ಮುಖದಲ್ಲೇನಿದೆ? ಅದನ್ನು ನೋಡು."

ಅವಳು ಮತ್ತೆ ದೀಪದ ಕೆಳಗೆ ಓರೆ ಮಾಡಿ ಹಿಡಿದಳು, ತಿರುಗಿಸಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ಜಿಪುಣರ ಅರವತ್ನಾಲ್ಕರ ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಅರವತ್ತಮೂರು ಅಂತ ಬರೆದಳು.