ಡ್ಯೂಡ್ ಪದಕ್ಕೊಂದು ಉದಾಹರಣೆ

ನಿಘಂಟು ಕಚೇರಿಯಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದು ಚೀಟಿ ಮೇಷ್ಟ್ರು ಎಂದೇ. ಪದಕ್ಕೊಂದು ಚೀಟಿಯಂತೆ ಹದಿನೇಳು ವರ್ಷ ಬರೆದು, ಬಲಗೈ ಹೆಬ್ಬೆರಳು ಸೊಟ್ಟಗಾಗಿತ್ತು. ನಿವೃತ್ತಿಗೆ ಮುಂಚಿನ ಕೊನೆಯ ಪುಸ್ತಕ ತೀರಾ ಚಿಕ್ಕದು: ಇಂಗ್ಲಿಷಿನಲ್ಲಿ ಗಂಡಸರನ್ನು ಸಲಿಗೆಯಿಂದ ಕರೆಯುವ ಮಾತುಗಳ ಕೋಶ. ಅದರ ಮುಖಪುಟದಲ್ಲಾದರೂ ತಮ್ಮ ಹೆಸರು ಅಚ್ಚಾಗಬೇಕೆಂಬುದು ಅವರ ಆಸೆ.

ಅಷ್ಟರಲ್ಲಿ ಹೊಸ ಮ್ಯಾನೇಜರ್ ವಕ್ಕರಿಸಿದ. ಮುಖಪುಟದ ಕರಡಿನಲ್ಲಿ ಮೇಷ್ಟ್ರ ಹೆಸರು ಹೊಡೆದುಹಾಕಿ, ಸಂಪಾದಕ ಎಂದು ತನ್ನದನ್ನು ಬರೆದ.

"ಸಾರ್, ಕೆಲಸ ಪೂರ್ತಿ ನಂದಲ್ವಾ?"

"ಡ್ಯೂಡ್, ನಿಮ್ಮ ಹೆಸರು ನೋಡಿ ಪುಸ್ತಕ ಯಾರು ಕೊಳ್ತಾರೆ?" ಎಂದು ಬೆನ್ನು ತಟ್ಟಿದ.

ಮೇಷ್ಟ್ರು ತಮ್ಮ ಮೇಜಿಗೆ ಮರಳಿದರು. ಆ ಕಚೇರಿಯಲ್ಲಿ ಪದದ ಅರ್ಥವನ್ನು ತಜ್ಞರು ತಿದ್ದುತ್ತಿದ್ದರು. ಕೆಳಗಿನ ಉದಾಹರಣೆ ವಾಕ್ಯ ಮಾತ್ರ ಚೀಟಿ ಬರೆದವರ ಪಾಲು. ಕೊನೆಗೆ ಸಂಪಾದಕರು ಪುಟಪುಟವನ್ನೂ ಓದಿ ಸಹಿ ಹಾಕಬೇಕು. ಮೇಷ್ಟ್ರು ಉದಾಹರಣೆಗಳನ್ನೆಲ್ಲ ಹೊಸದಾಗಿ ಬರೆದರು. ಮ್ಯಾನೇಜರ್ ಸಹಿ ಹಾಕಿದ. ಓದುವ ಗೋಜಿಗೆ ಹೋಗಲಿಲ್ಲ.

ಬಿಡುಗಡೆಯ ದಿನ ಸಂಸ್ಥೆಯ ಮುದಿ ಒಡತಿ, "ಎಲ್ಲಿ, ಒಂದೆರಡು ಪದ ಓದಿ ಕೇಳೋಣ" ಎಂದರು. ಮ್ಯಾನೇಜರ್ ಗಂಟಲು ಸರಿಮಾಡಿಕೊಂಡು ಗತ್ತಿನಿಂದ ಶುರುಮಾಡಿದ.

"ಚಾಪ್. ಮೊದಲು ಚಾಪ್‌ಮನ್, ಅಂದರೆ ವ್ಯಾಪಾರಿ, ಆಮೇಲೆ ಗಿರಾಕಿ, ಕೊನೆಗೆ ಯಾವ ಗಂಡಸಾದರೂ ಸರಿ. ಉದಾಹರಣೆ: ಪರರ ದುಡಿಮೆಗೆ ತನ್ನ ಹೆಸರು ಅಂಟಿಸಿ ಮಾರುವ ಚಾಪ್ ನಮ್ಮ ಮ್ಯಾನೇಜರ್."

ಸಭೆ ಗೊಳ್ಳೆಂದಿತು. ಅವನು ಗಡಬಡಿಸಿ ಪುಟ ಮಗುಚಿದ. "ಡ್ಯೂಡ್. ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಅತಿಯಾಗಿ ಸಿಂಗರಿಸಿಕೊಳ್ಳುವ ಶೋಕಿಲಾಲನನ್ನು ಹಂಗಿಸುವ ಮಾತು. ಉದಾಹರಣೆ..."

ಅವನು ಪುಸ್ತಕ ಮುಚ್ಚಲು ಹೋದ.

"ಓದಿ, ಓದಿ," ಎಂದರು ಒಡತಿ.

"...ಕನ್ನಡಿ ಬಿಟ್ಟು ಬೇರೇನನ್ನೂ ಓದದ ನಮ್ಮ ಮ್ಯಾನೇಜರ್ ಅಪ್ಪಟ ಡ್ಯೂಡ್."

"ಇದನ್ನೆಲ್ಲ ನೀವೇ ಬರೆದದ್ದಾ?"

"ಅಯ್ಯೋ, ಇಲ್ಲ ಅಮ್ಮಾ! ಪುಸ್ತಕ ಪೂರ್ತಿ ಅವರದ್ದೇ. ಮೇಷ್ಟ್ರೇ, ಎದ್ದು ಹೇಳಿ!"

ತುಂಬಿದ ಸಭೆಯಲ್ಲಿ ಯಾರಾದರೂ ಈ ಮಾತು ಹೇಳಲೆಂದು ಮೇಷ್ಟ್ರು ಹದಿನೇಳು ವರ್ಷ ಕಾದಿದ್ದರು. ಪಕ್ಕದಲ್ಲಿದ್ದ ಹೆಂಡತಿ, "ಏಳ್ರೀ, ಹೂಂ ಅನ್ನಿ" ಎಂದು ತೋಳು ಚಿವುಟಿದರು.

ಮೇಷ್ಟ್ರು ಎದ್ದರು. ಕನ್ನಡಕ ಏರಿಸಿಕೊಂಡು, ಕೈಲಿದ್ದ ಪ್ರತಿಯ ಮುಖಪುಟವನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ಓದಿದರು.

"ನನ್ನ ಹೆಸರು ಎಲ್ಲೂ ಕಾಣ್ತಾ ಇಲ್ವಲ್ಲ ಸಾರ್," ಎಂದರು. "ಹೆಸರು ಇರೋರೇ ಓದಲಿ. ಇನ್ನೂ ನಲವತ್ತು ಪದ ಬಾಕಿ ಇದೆ."